ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ಬೇಕು

ನಮ್ಮಜ್ಜಿ ಮನೇಲಿ ಹೊಸ್ತಿಲು ದಾಟೋವಾಗ ಯಾರೂ "ಹೋಗ್ತೀನಿ" ಅನ್ನೋ ಹಂಗಿರ್ಲಿಲ್ಲ. ಪಕ್ಕದ ಬೀದೀಗೆ ಹಾಲು ತರಕ್ಕೆ ಹೋದ್ರೂ "ಬರ್ತೀನಿ" ಅನ್ಬೇಕು, ಬಾಯ್ತಪ್ಪಿ ಹೋಗ್ತೀನಿ ಅಂದ್ರೆ ವಾಪಸ್ ಕರ್ದು ಕೂರ್ಸಿ, ಒಂದು ಲೋಟ ನೀರು ಕುಡ್ಸಿ, ಸರಿಯಾಗಿ ಹೇಳಿಸಿ ಕಳಿಸ್ತಿದ್ರು. ಇಂಥ ಟ್ರೈನಿಂಗ್ ಆಗಿರೋ ಮಂಡ್ಯದ ಹುಡುಗಿ ಗಂಡನ ವಿಮಾನದ ಕೆಲಸದ ಹಿಂದೆ ಫ್ರಾನ್ಸಿನ ಟುಲೂಸ್‌ಗೆ ಬಂದು ಸಂಜೆ ಕ್ಲಾಸಲ್ಲಿ ಫ್ರೆಂಚ್ ಕಲಿಯಕ್ಕೆ ಕೂತ್ಳು ನೋಡಿ, ಅಲ್ಲಿಂದ ಶುರು ನನ್ನ ಗ್ರಹಚಾರ.

ಫ್ರೆಂಚಲ್ಲಿ ಇನ್ನೇನು ಮಾಡೋದ್ರಲ್ಲಿದೀನಿ ಅಂತ ಹೇಳಕ್ಕೆ ಫ್ಯುತ್ಯೂರ್ ಪ್ರೋಶ್ ಅಂತ ಒಂದು ಕಾಲ ಇದೆ, ಹತ್ತಿರದ ಭವಿಷ್ಯ. ಅದರಲ್ಲಿ ಏನೇ ಮಾಡೋದಿದ್ರೂ ಮೊದ್ಲು "ಹೋಗ್ತೀನಿ" ಅನ್ಲೇಬೇಕು. ಊಟ ಮಾಡ್ತೀನಿ ಅನ್ನಕ್ಕೆ "ಜ ವೇ ಮಾಂಜೇ", ಅಂದ್ರೆ ಉಣ್ಣಕ್ಕೆ ಹೋಗ್ತೀನಿ, ಪ್ಲೇಟು ಎದುರಿಗೇ ಇದ್ರೂ ಹೋಗ್ತೀನಿ. ಮಲಗ್ತೀನಿ ಅಂದ್ರೂ ಹೋಗ್ತೀನಿ, ಸೀನು ಬರೋ ಹಂಗಿದ್ರೂ ಸೀನಕ್ಕೆ ಹೋಗ್ತೀನಿ. ಅಜ್ಜಿ ಇದ್ದಿದ್ರೆ ಇಡೀ ದೇಶಾನ ಕೂರ್ಸಿ ನೀರು ಕುಡಿಸ್ತಿದ್ರು.

ಆ ಹೋಗೋ ಕ್ರಿಯಾಪದದ ಹೆಸರು "ಆಲೇ". ಟೀಚರ್ ಬೋರ್ಡ್ ಮೇಲೆ ಬರೆದ ತಕ್ಷಣ ನಂಗೆ ಆಲೆಮನೆ ನೆನಪಾಯ್ತು, ಬಿಸಿ ಬೆಲ್ಲದ ವಾಸನೆ ಕೂಡ ಬಂತು. ಆದ್ರೆ ಈ ಆಲೆ ಉಲ್ಟಾ. ನಮ್ಮೂರ ಆಲೇಲಿ ಕಬ್ಬು ಹಿಂಡಿ ಹಿಪ್ಪೆ ಆಗುತ್ತೆ, ಇಲ್ಲಿ ಯಾವ ಕ್ರಿಯಾಪದ ಕೊಟ್ರೂ ಒಂದು ಸಿಪ್ಪೆನೂ ಹೋಗ್ದೆ ಇಡಿಯಾಗಿ ಆಚೆ ಬರುತ್ತೆ, ಹಿಂಡಿಸ್ಕೊಳ್ಳೋದೆಲ್ಲ ಆಲೇನೇ. ನಾನು ಹೋದ್ರೆ ವೇ, ನೀನು ಹೋದ್ರೆ ವಾ, ಅವ್ಳು ಹೋದ್ರೂ ವಾ, ನಾವು ಹೋದ್ರೆ ಆಲೋಂ, ನೀವು ಹೋದ್ರೆ ಆಲೇ, ಅವ್ರೆಲ್ಲ ಒಟ್ಟಿಗೆ ಹೋದ್ರೆ ವೋಂ. ಒಂದೇ ತಾಯಿ ಮಕ್ಳು ಅಂದ್ರೆ ಯಾರಾದ್ರೂ ನಂಬ್ತಾರಾ? ಸಾಲದು ಅಂತ ಇಲ್ಲ ಅನ್ನೋದನ್ನ ಎರಡು ತುಂಡು ಮಾಡಿ ಈ ವೇ ಹಿಂದೊಂದು ಮುಂದೊಂದು ಅಂಟಿಸ್ಬೇಕು, "ಜ ನ ವೇ ಪಾ ಮಾಂಜೇ". ಅದನ್ನ ನಾನು ಬಾಯಿಪಾಠ ಮಾಡ್ಕೊಂಡು ಹೋದ್ರೆ ಬೀದೀಲಿ ಜನ ಆ "ನ"ನ ನುಂಗೇ ಬಿಡ್ತಾರೆ.

ಮೊದಲ ಪ್ರಯೋಗ ಬೇಕರೀಲಿ. ಇಲ್ಲಿ ಚಾಕ್ಲೇಟ್ ಇಟ್ಟು ಮಾಡಿರೋ ಪದರ ಪದರದ ಬನ್ನಿಗೆ ಶೊಕೊಲಾತೀನ್ ಅಂತಾರೆ, ಪ್ಯಾರಿಸ್ ಕಡೆಯೋರ ಥರ ಪಾಂ ಓ ಶೊಕೊಲಾ ಅಂದ್ರೆ ಟುಲೂಸ್‌ನೋರು ಒಂಥರಾ ನೋಡ್ತಾರೆ. ಅದೊಂದು ತಪ್ಪಬಾರ್ದು ಅಂತ ಪೂರ್ತಿ ಗಮನ ಅಲ್ಲಿಟ್ಟು, ತಗೋತೀನಿ ಅನ್ನೋ "ಪ್ರಾಂದ್ರ" ಬದ್ಲು "ಆಪ್ರಾಂದ್ರ" ಅಂದ್ಬಿಟ್ಟೆ. ನಾನೊಂದು ಶೊಕೊಲಾತೀನ್ ಕಲೀತೀನಿ. ಆಯಮ್ಮ ತುಂಬಾ ಗೌರವದಿಂದ ಒಂದನ್ನ ಪೇಪರಲ್ಲಿ ಸುತ್ತಿ ಕೊಟ್ರು, ಕಲ್ತ್ಕೊಂಡು ಬಂದೆ.

ಅಸಲಿ ಎಡವಟ್ಟು ಬಾಡಿಗೆ ವಿಷ್ಯದಲ್ಲಿ. ತಿಂಗಳ ಐದನೇ ತಾರೀಖು ಓನರಮ್ಮ ಫೋನ್ ಮಾಡಿದ್ರು. "ಜ ವೇ ಪೇಯೇ", ಕಟ್ತೀನಿ, ಅಷ್ಟೇ ಹೇಳ್ಬೇಕಿತ್ತು. ಆದ್ರೆ ಗಾಬರೀಲಿ ಅಜ್ಜಿ ಟ್ರೈನಿಂಗ್ ಎದ್ದು ನಿಂತ್ಕೊಳ್ತು, ಹೋಗ್ತೀನಿ ಅನ್ನಕ್ಕೆ ನಾಲಿಗೆ ಒಪ್ಲಿಲ್ಲ, ಬರ್ತೀನಿ ಅಂತು, "ಜ ವಿಯಾಂ ದ ಪೇಯೇ". ಫ್ರೆಂಚಲ್ಲಿ ಹೋಗೋದು ಭವಿಷ್ಯ ಆದ್ರೆ ಬರೋದು ಭೂತ, ಅಂದ್ರೆ ನಾನು ಹೇಳಿದ್ದು "ಈಗ ತಾನೆ ಕಟ್ದೆ" ಅಂತ. ಓನರಮ್ಮ ಥ್ಯಾಂಕ್ಸ್ ಹೇಳಿ ಫೋನಿಟ್ರು, ಅಕೌಂಟ್ ನೋಡಿದ್ರು, ಮತ್ತೆ ಫೋನ್ ಮಾಡಿದ್ರು, ನಾನು ಮತ್ತೆ ಈಗ ತಾನೆ ಕಟ್ದೆ ಅಂದೆ, ಹೀಗೆ ಎರಡು ದಿನ.

ನಿಜ ಹೇಳ್ಬೇಕು ಅಂದ್ರೆ ಕನ್ನಡದಲ್ಲಿ ಇದು ಸುಳ್ಳೇ ಅಲ್ಲ. ಬಚ್ಚಲಲ್ಲಿ ನಿಂತ್ಕೊಂಡು "ಬಂದೆ ಬಂದೆ, ಸಿಲ್ಕ್ ಬೋರ್ಡ್ ದಾಟ್ದೆ" ಅನ್ನಲ್ವಾ? "ಒಂದ್ನಿಮಿಷ, ಕಳಿಸ್ದೆ ಇರಿ ಆಂಟಿ" ಅಂದ್ರೆ ಸಂಜೆ ಒಳಗೆ ಕಳಿಸ್ತೀನಿ ಅಂತ ಅರ್ಥ ಅಲ್ವಾ? ನಮ್ಮ ಹತ್ತಿರದ ಭವಿಷ್ಯಾನೇ ಭೂತಕಾಲ. ಅವರದ್ದೇನು ಭಾರಿ ಹತ್ತಿರ ಅನ್ಕೋಬೇಡಿ, ಇನ್ನು 500 ಕೋಟಿ ವರ್ಷಕ್ಕೆ ಸೂರ್ಯ ಸಾಯ್ತಾನೆ ಅನ್ನೋದನ್ನೂ ಇದೇ ಫ್ಯುತ್ಯೂರ್ ಪ್ರೋಶಲ್ಲಿ ಆರಾಮಾಗಿ ಹೇಳ್ತಾರೆ. ನನ್ನ ಬಾಡಿಗೆ ಎರಡು ದಿನ ಲೇಟಾಗಿದ್ದೇ ಹೆಚ್ಚಾ?

ಮೂರನೇ ದಿನ ಓನರಮ್ಮ ಮನೇಗೇ ಬಂದ್ರು. ನಾನು ಕಾಫಿ ಮಾಡಿ, ಚಕ್ಕುಲಿ ಇಟ್ಟು, ಕೈ ಸನ್ನೆ ಬಾಯಿ ಸನ್ನೆಯಲ್ಲಿ ವೇ ಯಾವ್ದು ವಿಯಾಂ ಯಾವ್ದು ಅಂತ ಎಲ್ಲಾ ಒಪ್ಪಿಸ್ದೆ. ಅವ್ರು ಕಣ್ಣಲ್ಲಿ ನೀರು ಬರೋ ತನಕ ನಕ್ಕು, ಚಕ್ಕುಲಿ ಖಾಲಿ ಮಾಡಿ ಎದ್ದು "ಬೋಂ, ಜ ವೇ ಯಾಲೇ" ಅಂದ್ರು. ಇವರು ಹೊರಡೋವಾಗ ಹೇಳೋದೇ ಇದು, ಹೋಗಕ್ಕೆ ಹೋಗ್ತೀನಿ ಅಂತ, ಒಂದಲ್ಲ ಎರಡು ಸಲ ಹೋಗ್ತಾರೆ! ನನ್ನ ಕೈ ತಾನಾಗೇ ನೀರಿನ ಲೋಟದ ಕಡೆ ಹೋಯ್ತು. ಆದ್ರೆ ಅವ್ರು ಎಲ್ಲಿ ಹೋಗ್ತಾರೆ, ಬಾಗಿಲಿಗೆ ಒರಗಿ ಸೊಸೆ ವಿಷ್ಯ ಶುರು ಮಾಡಿದ್ರು, ಹತ್ತು ನಿಮಿಷ ಆದ್ಮೇಲೆ ಇನ್ನೊಂದು ಸಲ ಜ ವೇ ಯಾಲೇ, ಆಮೇಲೆ ಬೆಕ್ಕಿನ ವಿಷ್ಯ. ಅರ್ಧಕ್ಕರ್ಧ ಅರ್ಥ ಆಗ್ಲಿಲ್ಲ, ಹೂಂ ಹೂಂ ಅಂತ ತಲೆ ಆಡಿಸ್ತಾನೇ ಇನ್ನೊಂದ್ ಕೈಯಲ್ಲಿ ಮೊಬೈಲ್ ತೆಗ್ದು ದುಡ್ಡು ಹಾಕ್ದೆ. ಮೂರನೇ ಜ ವೇ ಯಾಲೇ ಹೊತ್ತಿಗೆ ಅವ್ರ ಫೋನ್ ಟಿಂಗ್ ಅಂತು.

"ಜ ವಿಯಾಂ ದ ಪೇಯೇ" ಅಂದೆ. ಈ ಸಲ ಗ್ರಾಮರ್ ಕರೆಕ್ಟಾಗಿತ್ತು.