ಗಿಳಿಹಸಿರು ಮುದ್ದೆಮಾಲು

ಕಳವಾಗುವ ತನಕ ಅದು ನನ್ನ ಬೈಕು. ಸಿಕ್ಕಿದ ಮೇಲೆ ಮುದ್ದೆಮಾಲು, ಅಂದರೆ ಕೇಸಿಗಾಗಿ ಪೊಲೀಸರು ಹಿಡಿದಿಟ್ಟ ಮಾಲು. ಮುದ್ದೆ ಅಂದರೆ ನಮಗೆ ಗೊತ್ತಿರುವುದು ರಾಗಿಯದ್ದು, ಸೊಪ್ಪಿನ ಸಾರಿನ ಜೊತೆ ಸಲೀಸಾಗಿ ಇಳಿಯುವಂಥದ್ದು. ಪೊಲೀಸ್ ಸ್ಟೇಷನ್ನಿನ ಮುದ್ದೆ ಗಂಟಲಲ್ಲೇ ನಿಲ್ಲುತ್ತದೆ.

"ಗಾಡಿ ಸಿಕ್ಕಿದೆ ಬನ್ನಿ" ಅಂತ ಫೋನ್ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದೆವು. ಆತುರ ಜಾಸ್ತಿ ಆಯಿತು, ಬಿಡಿ. ಸ್ಟೇಷನ್ ಕಾಂಪೌಂಡಿನ ಮೂಲೆಯಲ್ಲಿ ಗಾಡಿಗಳ ರಾಶಿ. ಒಂದು ಸ್ಕೂಟರಿನ ಚಕ್ರದ ಕಡ್ಡಿಗಳ ನಡುವೆ ಎಕ್ಕದ ಗಿಡ ಎದ್ದು ಹೂ ಬಿಟ್ಟಿತ್ತು. ನನ್ನ ಬೈಕಿನ ಸೀಟಿನ ಮೇಲೆ ಬೆಕ್ಕು ಮಲಗಿತ್ತು. ಕಪ್ಪು ಬೈಕಿಗೆ ಕಳ್ಳ ಗಿಳಿಹಸಿರು ಬಣ್ಣ ಹೊಡೆಸಿದ್ದ. ಅದರ ಮೇಲೆ ಬಿಳಿ ಪೇಂಟಿನಲ್ಲಿ ಕ್ರೈಂ ನಂಬರ್ ಬರೆದವರು ಪೊಲೀಸರು.

"ತಗೊಂಡು ಹೋಗ್ಲಾ ಸಾರ್?"

"ಬೇಲ್ ಆಗ್ಬೇಕಲ್ಲ."

"ಕಳ್ಳನಿಗಾ?"

"ಅವನದು ಹೋದ ವಾರಾನೇ ಆಯ್ತು. ನಿಮ್ಮ ಬೈಕಿನದು ಹೇಳ್ತಿದೀನಿ."

ಹಿಡಿದ ಮಾಲನ್ನು ಸ್ಟೇಷನ್ನಿನಲ್ಲಿ ಕೊಳೆಹಾಕಬೇಡಿ, ಫೋಟೊ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಕೊಟ್ಟುಬಿಡಿ, ಹೆಚ್ಚೆಂದರೆ 15 ದಿನದಿಂದ ಒಂದು ತಿಂಗಳು ಇಟ್ಟುಕೊಳ್ಳಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಆ ಕೇಸು ಗುಜರಾತಿನದು. ಸ್ಟೇಷನ್ನಿನಲ್ಲಿಟ್ಟಿದ್ದ ಮಾಲನ್ನೇ ಬದಲಾಯಿಸಿದರು ಅನ್ನುವ ಆರೋಪ ಪೊಲೀಸರ ಮೇಲಿತ್ತು! 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆಯ ಕಾನೂನು ಬಿಎನ್‌ಎಸ್‌ಎಸ್ ಕೂಡ 497ನೇ ಸೆಕ್ಷನ್ನಿನಲ್ಲಿ ಲೆಕ್ಕ ಹಾಕಿಕೊಟ್ಟಿದೆ: ಮಾಲಿನ ಪಟ್ಟಿಗೆ 14 ದಿನ, ಪಟ್ಟಿ, ಫೋಟೊ ಆದ ಮೇಲೆ ಕೋರ್ಟಿನ ಆದೇಶಕ್ಕೆ 30 ದಿನ. ಎಕ್ಕದ ಗಿಡಕ್ಕೆ ಇದನ್ನು ಯಾರೂ ಓದಿ ಹೇಳಿದಂತಿಲ್ಲ.

ವಕೀಲರನ್ನು ಹಿಡಿದೆ. ಆರ್‌ಸಿ, ಇನ್ಶೂರೆನ್ಸ್, ಆಧಾರ್ ಕೊಟ್ಟೆ. ನನ್ನ ಬೈಕನ್ನು ನಾನೇ ಎತ್ತಿಕೊಂಡು ಓಡಿಹೋಗುವುದಿಲ್ಲ ಅನ್ನುವುದಕ್ಕೆ ಶ್ಯೂರಿಟಿ ಬೇಕಂತೆ. ಊರಿಂದ ಚಿಕ್ಕಪ್ಪ ಪಹಣಿ ಹಿಡಿದು ಬಂದರು. "ಕದ್ದೋನು ನೀನೇ ಏನೋ?" ಅಂತ ಕಿವಿಯಲ್ಲಿ ಕೇಳಿದರು. ಬಾಂಡಿಗೆ ಸಹಿ ಹಾಕಿದೆ. ಷರತ್ತುಗಳು ಇಷ್ಟು: ಮಾರುವಂತಿಲ್ಲ. ಕರೆದಾಗ ತರಬೇಕು. ಕೇಸು ಮುಗಿಯುವ ತನಕ ಬಣ್ಣ ಬದಲಿಸುವಂತಿಲ್ಲ.

ಬದಲಿಸಿದವನಿಗೆ ಈ ಷರತ್ತಿರಲಿಲ್ಲ.

ಆರ್ಡರ್ ತಂದುಕೊಟ್ಟರೆ, "ಪ್ರಾಪರ್ಟಿ ಪೆರೇಡ್ ಇದೆ, ಆವತ್ತೇ ಬನ್ನಿ" ಅಂದರು. ಸಿಕ್ಕಿದ ಮಾಲನ್ನೆಲ್ಲ ಜೋಡಿಸಿಟ್ಟು ವಾರಸುದಾರರಿಗೆ ಕೊಡುವ ಸಮಾರಂಭ ಅದು. ಶಾಮಿಯಾನ, ಮೈಕು, ಮೇಜಿನ ಮೇಲೆ ಸಾಲಾಗಿ ಸರಗಳು. ದೊಡ್ಡ ಸಾಹೇಬರು ಕೈಗೆ ಕೀ ಕೊಟ್ಟರು, ಕ್ಯಾಮೆರಾ ಮಿಂಚಿತು. ಅಷ್ಟರಲ್ಲಿ ಪೇದೆ, "ಕೀ ಕೊಡಿ ಸಾರ್, ಮುಂದಿನವರ ಫೋಟೊಗೆ ಬೇಕು" ಅಂದ. ಮರುದಿನ ಪೇಪರಿನಲ್ಲಿ ಹನ್ನೊಂದು ಜನ ಅಧಿಕಾರಿಗಳಿದ್ದರು. ಎಡತುದಿಯಲ್ಲಿ ಕಾಣುವ ಮೊಣಕೈ ನನ್ನದು.

ಈಗ ನಾನು ಗಿಳಿಹಸಿರು ಬೈಕಿನಲ್ಲಿ ಆಫೀಸಿಗೆ ಹೋಗುತ್ತೇನೆ. ಮೊನ್ನೆ ವಾಯಿದೆಗೆ ಹೋದಾಗ ಕೋರ್ಟಿನ ಮುಂದೆ ಸ್ಟ್ಯಾಂಡ್ ಹಾಕುತ್ತಿದ್ದೆ. ಒಬ್ಬ ಹುಡುಗ ಹತ್ತಿರ ಬಂದು ಪ್ರೀತಿಯಿಂದ ಟ್ಯಾಂಕ್ ಸವರಿದ. ಯಾರು ಅಂತ ಆಮೇಲೆ ಒಳಗೆ ಹೆಸರು ಕೂಗಿದಾಗ ಗೊತ್ತಾಯಿತು.

"ಬಿಸಿಲಲ್ಲಿ ನಿಲ್ಲಿಸ್ಬೇಡಿ ಅಂಕಲ್," ಅಂದಿದ್ದ. "ಬಣ್ಣ ಹೋಗುತ್ತೆ. ಆಮೇಲೆ ನಿಮಗೇ ಕಷ್ಟ ಅಲ್ವಾ?"