ಫ್ರೀ ಆಗಿ ನುಡಿಸ್ತಾರೆ ಅಂದ ಮಾತ್ರಕ್ಕೆ

ನಿನ್ನೆ ರಾತ್ರಿ ಮನೆಗೆ ಬಂದಾಗ 12.30 ಆಗಿತ್ತು. ನಿದ್ದೆ ಹತ್ತಲಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡೆ. ಬೆಳಗ್ಗೆ ಕಾಫಿ ಆಯಿತು, ತಿಂಡಿ ಆಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯ ರಾಕ್ ಸಂಜೆ ನಿಮಗೆಲ್ಲ ಗೊತ್ತು. ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಮುಗಿದ ಮಾರನೇ ದಿನ ಅದೇ ಸ್ಟೇಜು, ಅದೇ ಶಾಮಿಯಾನ, ಅದೇ ಜನರೇಟರ್ ಇಟ್ಟುಕೊಂಡು ಮಾಡುತ್ತೇವೆ. ಬಿಚ್ಚುವುದನ್ನು ಒಂದು ದಿನ ಮುಂದಕ್ಕೆ ಹಾಕಿದರೆ ಆಯಿತು, ಖರ್ಚು ಅರ್ಧಕ್ಕೆ ಇಳಿಯುತ್ತದೆ. ಇದು 9ನೇ ವರ್ಷ. ಟಿಕೆಟ್ ಇಲ್ಲ. ನುಡಿಸುವವರಿಗೆ ಸಂಭಾವನೆಯೂ ಇಲ್ಲ. ನಿನ್ನೆ 5 ಬ್ಯಾಂಡ್, ಒಟ್ಟು 22 ಜನ. ಒಬ್ಬರು ಬ್ಯಾಂಕ್ ಉದ್ಯೋಗಿ, ಒಬ್ಬಳು ಹಲ್ಲಿನ ಡಾಕ್ಟರ್, ಮೂವರು ಕಾಲೇಜು ಹುಡುಗರು, ಉಳಿದವರು ಸಾಫ್ಟ್‌ವೇರ್ ಕೆಲಸದವರು. ವಾರವಿಡೀ ದುಡಿದು, ಇರುವ ಒಂದು ರಜೆಯನ್ನೂ ನಮಗೆ ಕೊಟ್ಟವರು.

ಕೊನೆಯ ಬ್ಯಾಂಡ್‌ಗೆ 9.20ರಿಂದ 9.55ರವರೆಗೆ ಟೈಮ್ ಕೊಟ್ಟಿದ್ದೆವು. 8.45ಕ್ಕೆ ಸನ್ಮಾನ ಶುರುವಾಯಿತು. ಹತ್ತು ನಿಮಿಷ ಅಂದಿದ್ದರು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಆಮೇಲೆ ಒಬ್ಬೊಬ್ಬರ ಪರಿಚಯ, ಫೋಟೋ, ಭಾಷಣ. 14 ಜನಕ್ಕೆ ಸನ್ಮಾನ ಆಯಿತು. ಅದರಲ್ಲಿ ಸಂಗೀತದವರು ಒಬ್ಬರೂ ಇರಲಿಲ್ಲ. ಆ ಕೊನೆಯ ಬ್ಯಾಂಡ್‌ನ ಹುಡುಗರು ಗಿಟಾರ್ ಹೆಗಲಿಗೆ ಹಾಕಿಕೊಂಡು ಸ್ಟೇಜಿನ ಪಕ್ಕದ ಮೆಟ್ಟಿಲ ಮೇಲೆ ಒಂದು ಗಂಟೆ ನಿಂತಿದ್ದರು. ಸ್ಟೇಜ್ ಬಿಟ್ಟುಕೊಟ್ಟಾಗ 9.47. ಎರಡು ಹಾಡು ಆಯಿತು. ಮೂರನೆಯದು ಅವರೇ ಬರೆದು ರಾಗ ಹಾಕಿದ ಕನ್ನಡ ಹಾಡು. ಅದಕ್ಕೆ ಟೈಮೇ ಉಳಿಯಲಿಲ್ಲ.

ಯಾಕೆ ಹೀಗೆ ಮಾಡಿದಿರಿ ಅಂತ ಸಮಿತಿಯ ಹಿರಿಯರೊಬ್ಬರನ್ನು ಕೇಳಿದೆ. "ಅವರು ಫ್ರೀ ಅಲ್ವೇನ್ರೀ, ಮುಂದಿನ ವರ್ಷ ನುಡಿಸ್ಲಿ ಬಿಡಿ" ಅಂದರು.

ಆ ಮಾತೇ ನನ್ನ ನಿದ್ದೆ ಕೆಡಿಸಿದ್ದು.

ಯಾವುದು ಫ್ರೀ? ಆ ಬ್ಯಾಂಡ್ ಮೂರು ತಿಂಗಳು ವಾರಕ್ಕೆ ಎರಡು ಗಂಟೆ ಪ್ರಾಕ್ಟೀಸ್ ಮಾಡಿದೆ. ಅವರು ಪ್ರಾಕ್ಟೀಸ್‌ಗೆ ಹಿಡಿಯುವ ಬಾಡಿಗೆ ಕೋಣೆಗೆ, ಅಂದರೆ ಜ್ಯಾಮ್ ರೂಮಿಗೆ, ಗಂಟೆಗೆ 500 ರೂಪಾಯಿ. ಲೆಕ್ಕ ಹಾಕಿ, ಹತ್ತಿರ ಹತ್ತಿರ 12,000. ಗಿಟಾರ್ ತಂತಿ, ಡ್ರಮ್ ಕಡ್ಡಿ, ಊರಾಚೆಯಿಂದ ಬರುವ ಆಟೋ ಬಾಡಿಗೆ ಬೇರೆ. ಎಲ್ಲ ಅವರ ಜೇಬಿನಿಂದಲೇ. ನಮ್ಮ ಕಾರ್ಯಕ್ರಮದಲ್ಲಿ ಶಾಮಿಯಾನದವರಿಗೆ ದುಡ್ಡು ಕೊಟ್ಟಿದ್ದೇವೆ, ಸೌಂಡಿನವರಿಗೆ ಕೊಟ್ಟಿದ್ದೇವೆ, ಜನರೇಟರ್‌ಗೆ, ಬ್ಯಾನರ್‌ಗೆ, ಹಾರಕ್ಕೂ ಕೊಟ್ಟಿದ್ದೇವೆ. ಕೈಯಿಂದ ದುಡ್ಡು ಹಾಕಿ ಬಂದವರು ನುಡಿಸುವವರು ಮಾತ್ರ. ಟೈಮ್ ಕತ್ತರಿಸಬೇಕು ಅಂದಾಗ ಮೊದಲು ಕತ್ತರಿ ಬಿದ್ದಿದ್ದೂ ಅವರಿಗೇ.

ಮಧ್ಯಾಹ್ನ ನಡೆದದ್ದನ್ನೂ ಹೇಳಿಬಿಡುತ್ತೇನೆ. 3.30ಕ್ಕೆ ಅದೇ ಬ್ಯಾಂಡ್‌ನ ಸೌಂಡ್ ಚೆಕ್. ಡ್ರಮ್ಸ್ ಜಾರದಿರಲಿ ಅಂತ ಹಲಗೆ ಮೇಲೆ ನಮ್ಮ ಮನೆಯ ಹಳೇ ಜಮಖಾನ ಹಾಸಿದ್ದೆ. ಡ್ರಮ್ಮರ್ ತನ್ನದೇ ಸ್ನೇರ್ ಡ್ರಮ್, ಸಿಂಬಲ್ ಅನ್ನುವ ಲೋಹದ ತಟ್ಟೆಗಳು, ಪೆಡಲ್ ತಂದಿದ್ದ. ಎಲ್ಲ ಜೋಡಿಸಿ ಆಯಿತು. ಹಾಡುವ ಹುಡುಗ ಗಿಟಾರ್ ಹಿಡಿದುಕೊಂಡು ಮೈಕಿಗೆ ಬಾಯಿ ಹತ್ತಿರ ತಂದ. ತುಟಿ ತಾಗಿದ್ದೇ ತಡ, ಮುಖ ಕಿವುಚಿ ಹಿಂದಕ್ಕೆ ಹಾರಿದ. ಶಾಕ್. ಎಡಗೈ ಗಿಟಾರಿನ ತಂತಿ ಮೇಲಿತ್ತು. ಗಿಟಾರಿನ ಸದ್ದು ಹೆಚ್ಚಿಸುವ ಆಂಪ್‌ಗೆ ಒಂದು ಕಡೆಯಿಂದ ಕರೆಂಟು, ಮೈಕಿನ ಮಿಕ್ಸರ್‌ಗೆ ಇನ್ನೊಂದು ಕಡೆಯಿಂದ. ಅರ್ಥಿಂಗ್ ಸರಿ ಇಲ್ಲದಿದ್ದರೆ ಎರಡರ ನಡುವೆ ಸಿಕ್ಕಿದವನ ಮೈಯಲ್ಲೇ ಕರೆಂಟು ಹರಿಯುತ್ತದೆ.

ಸೌಂಡಿನ ಹುಡುಗ ಒಂದು ಸ್ಪಾಂಜ್ ತಂದು ಮೈಕಿಗೆ ಸಿಕ್ಕಿಸಿದ. "ಈಗ ಹೊಡಿಯಲ್ಲ ಹಾಡಣ್ಣ" ಅಂದ. ಜನರೇಟರ್‌ಗೆ ಅರ್ಥಿಂಗ್ ಮಾಡಿಸಿ ಅಂದೆ. "ಫ್ರೀ ಪ್ರೋಗ್ರಾಮ್‌ಗೆ ಇಷ್ಟೆಲ್ಲ ಯಾಕೆ ಸಾರ್?" ಅಂದ. ಅಲ್ಲೂ ಅದೇ ಮಾತು! 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಅನ್ನುವ ಗಿಟಾರ್ ವಾದಕ ಹೀಗೇ, ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಸ್ಟೇಜ್ ಮೇಲೆಯೇ ಸತ್ತ. ದುಡ್ಡು ತಗೊಂಡು ಹಾಡುವವನಿಗೂ ಸುಮ್ನೆ ಹಾಡುವವನಿಗೂ ಕರೆಂಟು ಒಂದೇ ಥರ ಹೊಡೆಯುತ್ತದೆ. ಕೊನೆಗೆ ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದರು. ಮೈದಾನದ ಮೂಲೆಯಲ್ಲಿ ಗುಂಡಿ ತೋಡಿ, ಕಬ್ಬಿಣದ ಸಲಾಕೆ ಇಳಿಸಿ, ಇದ್ದಲು, ಉಪ್ಪು ಹಾಕಿ ನೀರು ಸುರಿದರು. ಆಂಪ್, ಮಿಕ್ಸರ್ ಎರಡನ್ನೂ ಒಂದೇ ಅರ್ಥಿಂಗ್‌ಗೆ ಸೇರಿಸಿದರು. ಮುಕ್ಕಾಲು ಗಂಟೆಯ ಕೆಲಸ. ಆ ಹುಡುಗ ಮತ್ತೆ ಮೈಕ್ ಹತ್ತಿರ ಬಂದಾಗ ಮೊದಲು ಬೆರಳಿನ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡಿದ. ಆಮೇಲೆ ನನ್ನ ಕಡೆ ನೋಡಿ ತಲೆ ಆಡಿಸಿದ. ಅಷ್ಟು ನಂಬಿ ಹಾಡೋಕೆ ಬಂದವನಿಗೆ ರಾತ್ರಿ ಸಿಕ್ಕಿದ್ದು 11 ನಿಮಿಷ.

10 ಗಂಟೆಗೆ ನಿಲ್ಲಿಸಲೇಬೇಕಿತ್ತು, ಪೊಲೀಸರು ಬರ್ತಿದ್ದರು ಅಂತ ಕೆಲವರು ಹೇಳಿದರು. ನಿಲ್ಲಿಸಲೇಬೇಕು, ಸರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕುವ ಹಾಗಿಲ್ಲ. ಒಂಬತ್ತು ವರ್ಷದಲ್ಲಿ ನಾವು ಒಂದು ಸಲವೂ ಅದನ್ನು ಮೀರಿಲ್ಲ. ಮೈದಾನದ ಎದುರಿಗೆ ವಯಸ್ಸಾದವರಿದ್ದಾರೆ, ಎಳೆ ಮಕ್ಕಳಿದ್ದಾರೆ. ನನಗೂ ಆ ಕಾಳಜಿ ಇದೆ. ಆದರೆ ಹಾಡು ನಿಂತಿದ್ದು 10 ಗಂಟೆ ಆಯಿತು ಅಂತಲ್ಲ, ಸನ್ಮಾನ ಒಂದು ಗಂಟೆ ಎಳೆಯಿತು ಅಂತ.

ಇನ್ನೊಬ್ಬ ಸ್ನೇಹಿತರು, ನನಗೆ ಬೇಕಾದವರೇ, "ಹವ್ಯಾಸಕ್ಕೆ ನುಡಿಸೋರಿಗೆ ಸ್ಟೇಜ್ ಸಿಕ್ಕಿದ್ದೇ ದೊಡ್ಡದು ಮಾರಾಯ" ಅಂದರು. ನನಗೆ ಇದು ಒಪ್ಪಿಗೆ ಇಲ್ಲ. ನಮ್ಮ ಬೀದಿಯ ಭಜನಾ ಮಂಡಳಿಯವರೂ ದುಡ್ಡು ತಗೊಳ್ಳಲ್ಲ. ಅವರು ಹಾಡುವಾಗ ಯಾರಾದರೂ ಮಧ್ಯೆ ನಿಲ್ಲಿಸಿ ಶಾಲು ಹೊದಿಸೋಕೆ ಹೋಗ್ತಾರಾ? ಹಾಡು ಮುಗಿಯುವವರೆಗೆ ಕಾಯುತ್ತೇವೆ, ಮೊದಲ ಪ್ರಸಾದ ಅವರಿಗೇ ಕೊಡುತ್ತೇವೆ. ಆ ಮರ್ಯಾದೆ ನಮಗೆ ಗೊತ್ತಿಲ್ಲದ್ದೇನಲ್ಲ. ಗಿಟಾರ್ ಹಿಡಿದವರಿಗೆ ಮಾತ್ರ ಯಾಕೆ ಇಲ್ಲ?

ಕಾನೂನು ಕೂಡ ಹೀಗೆ ದುಡ್ಡಿಲ್ಲದೆ ಹಾಡುವ ಹವ್ಯಾಸಿಗಳಿಗೆ ರಿಯಾಯಿತಿ ಕೊಡುತ್ತದೆ. ಬೇರೆಯವರ ಹಾಡು ಹಾಡೋಕೆ ಲೈಸೆನ್ಸ್ ಬೇಡವಾ ಅಂತ ಈ ಸಲ ಒಬ್ಬರು ಕೇಳಿದ್ದರು. ಹುಡುಕಿ ಓದಿದೆ. ಹವ್ಯಾಸಿ ಸಂಘವೊಂದು ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಹಾಡಿದರೆ ಅದು ಉಲ್ಲಂಘನೆ ಅಲ್ಲ ಅಂತ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿದೆ. ಓದಿ ನಿಜವಾಗಿ ಖುಷಿಯಾಯಿತು.

ನಮ್ಮ ಊರಿಗೆ ಇದು ಹೊಸದೂ ಅಲ್ಲ. ಬೆಂಗಳೂರಿನಲ್ಲಿ ಫ್ರೀಡಂ ಜ್ಯಾಮ್ ಶುರುವಾಗಿದ್ದು 1996ರಲ್ಲಿ. ಸ್ವಾತಂತ್ರ್ಯ ದಿನದ ಆಸುಪಾಸಿಗೆ, ಟಿಕೆಟ್ ಇಲ್ಲದೆ, ಬ್ಯಾಂಡ್‌ಗಳು ದುಡ್ಡು ತಗೊಳ್ಳದೆ ನುಡಿಸುವ ಹಬ್ಬ ಅದು. ನಮ್ಮ ಮೈದಾನದಲ್ಲೂ ಹಾಗೊಂದು ಸಂಜೆ ಇರಲಿ ಅನ್ನುವ ಆಸೆ ನನಗೆ ಹುಟ್ಟಿದ್ದು ಅದರಿಂದಲೇ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅನ್ನುವ ವಿದೇಶಿ ರಾಕ್ ಬ್ಯಾಂಡ್‌ಗಳನ್ನು ಕೇಳಿದವರಲ್ಲಿ ಕೆಲವರು ಈಗ ನಮ್ಮ ಸ್ಟೇಜಿಗೆ ಬಂದು ನುಡಿಸುತ್ತಾರೆ. ಮೊದಲ ವರ್ಷ ಕುರ್ಚಿಯಲ್ಲಿ ಕೂತವರು 40 ಜನ ಇರಬಹುದು. ನಿನ್ನೆ ಕುರ್ಚಿ ಸಾಲದೆ ಕಾಂಪೌಂಡ್ ಮೇಲೆಲ್ಲ ಜನ. ಎರಡನೇ ಬ್ಯಾಂಡ್ ಒಂದು ತತ್ವಪದ ಎತ್ತಿಕೊಂಡಿತು. ಶುರುವಿನಲ್ಲಿ ಬರೀ ಬೇಸ್ ಗಿಟಾರ್, ಅದನ್ನು ನುಡಿಸಿದ್ದು ಆ ಹಲ್ಲಿನ ಡಾಕ್ಟರ್. ಆಮೇಲೆ ಡ್ರಮ್ಸ್ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎರಡೂ ಕೈಯಲ್ಲಿ ತಾಳ ಹಾಕುತ್ತಾ ಪೂರ್ತಿ ಪದ ಜೊತೆಗೆ ಹಾಡಿದರು. ಮೈ ಜುಮ್ಮೆಂದಿತು. ಇದಕ್ಕೋಸ್ಕರವೇ ಅಲ್ವಾ ನಾವು ಎರಡು ತಿಂಗಳು ಓಡಾಡೋದು?

ಒಂದು ವಿಷಯ ಇಲ್ಲಿ ಹೇಳಲೇಬೇಕು. ಇದುವರೆಗೆ ಯಾರಿಗೂ ಹೇಳಿಲ್ಲ. ಮೂರನೇ ವರ್ಷ ಮಳೆ ಬಂದು ಕಾರ್ಯಕ್ರಮ ತಡವಾಯಿತು. ತುಮಕೂರಿನಿಂದ ಬಸ್ಸಿನಲ್ಲಿ ಬಂದ ಹುಡುಗನೊಬ್ಬ ಇದ್ದ, ಡ್ರಮ್ಮರ್. ಅವನ ಬ್ಯಾಂಡ್‌ಗೆ ಒಂದೇ ಹಾಡು ಅಂದೆ. ಅವನು ಏನೋ ಹೇಳೋಕೆ ಬಂದ. ತಲೆಬಿಸಿಯಲ್ಲಿದ್ದ ನಾನು, "ಹೇಗಿದ್ರೂ ಫ್ರೀ ತಾನೇ, ಅಡ್ಜಸ್ಟ್ ಮಾಡ್ಕೋ" ಅಂದುಬಿಟ್ಟೆ. ಅವನು ವಾದ ಮಾಡಲಿಲ್ಲ. ಹಾಡು ಮುಗಿದ ಮೇಲೆ ಸಿಂಬಲ್‌ಗಳ ಮೇಲಿನ ಮಳೆನೀರನ್ನು ತನ್ನ ಶರ್ಟಿನಲ್ಲಿ ಒಂದೊಂದಾಗಿ ಒರೆಸಿ ಬ್ಯಾಗಿಗೆ ಹಾಕಿಕೊಂಡ. ಊಟಕ್ಕೆ ಕರೆದೆ, ಕೊನೇ ಬಸ್ ಇದೆ ಅಂಕಲ್ ಅಂದ. ಮುಂದಿನ ವರ್ಷ ಫೋನ್ ಮಾಡಿದೆ, ಎತ್ತಲಿಲ್ಲ. ಅದರ ಮುಂದಿನ ವರ್ಷವೂ ಎತ್ತಲಿಲ್ಲ. ನಿನ್ನೆ ಆ ಹಿರಿಯರ ಬಾಯಲ್ಲಿ ಕೇಳಿದ್ದು ನನ್ನದೇ ಮಾತು.

ಭಾನುವಾರ 11 ಗಂಟೆಗೆ ಸಂಘದ ಆಫೀಸಿನಲ್ಲಿ ಲೆಕ್ಕಪತ್ರದ ಮೀಟಿಂಗ್ ಇದೆ. ಮುಂದಿನ ವರ್ಷದಿಂದ ಸನ್ಮಾನ ಏನಿದ್ದರೂ 6 ಗಂಟೆಗೆ ಮುಂಚೆ ಮುಗಿಯಬೇಕು, ಬಂದ ಪ್ರತಿ ಬ್ಯಾಂಡ್‌ಗೂ ಓಡಾಟದ ಖರ್ಚು, ಹೊಟ್ಟೆ ತುಂಬ ಊಟ ಕೊಡಬೇಕು, ಅರ್ಥಿಂಗ್ ನೋಡದೆ ಯಾರ ಕೈಗೂ ಮೈಕ್ ಕೊಡಬಾರದು ಅಂತ ಬರೆದು ಕೊಡುತ್ತೇನೆ. ಒಪ್ಪದಿದ್ದರೆ ಬೇರೆ ಜಾಗ ನೋಡೋಣ. ನಿನ್ನೆಯ ಹುಡುಗರಿಗೆ ಬೆಳಗ್ಗೆಯೇ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಆ ಮೂರನೇ ಹಾಡನ್ನು ಶನಿವಾರ ಸಂಜೆ 5 ಗಂಟೆಗೆ ನಮ್ಮ ಮನೆ ಟೆರೇಸ್ ಮೇಲೆ ನುಡಿಸುತ್ತಾರೆ. ದೊಡ್ಡ ಸ್ಪೀಕರ್ ಇರಲ್ಲ. ಜಮಖಾನ ಹಾಸಿರುತ್ತೇನೆ, ಬನ್ನಿ.