ಬಣ್ಣವಿಲ್ಲದ ಬೆಟ್ಟಗಳು

ಬೇಜಾರಾದಾಗ ಕೆಲವರು ಹಾಡು ಕೇಳುತ್ತಾರೆ. ಕೆಲವರು ಅಡುಗೆಮನೆಗೆ ಹೋಗಿ ಡಬ್ಬಗಳ ಮುಚ್ಚಳ ತೆಗೆದು ನೋಡುತ್ತಾರೆ. ನಾನು ಕಪಾಟಿನ ಕೆಳಗಿನ ಸಾಲಿನಿಂದ ಒಂದು ದಪ್ಪ ಪುಸ್ತಕ ಎಳೆದುಕೊಳ್ಳುತ್ತೇನೆ. ಅಮೆರಿಕದ ಆನ್ಸೆಲ್ ಆಡಮ್ಸ್ ತೆಗೆದ ಕಪ್ಪು-ಬಿಳುಪು ಫೋಟೋಗಳು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯ ಬಂಡೆ, ಹಿಮ, ಮೋಡ. ಮನುಷ್ಯರು ಹುಡುಕಿದರೂ ಸಿಗುವುದು ಕಷ್ಟ. ಮಲಗಿಕೊಂಡು ನೋಡುವ ಪುಸ್ತಕವಲ್ಲ, ಎದೆ ಮೇಲಿಟ್ಟರೆ ಉಸಿರು ಕಟ್ಟುತ್ತದೆ.

ಇವೇ ಚಿತ್ರಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವಲ್ವಾ? ಸಿಗುತ್ತವೆ. ಆದರೆ ಅಲ್ಲಿ ಬೆರಳು ಸುಮ್ನೆ ಇರುವುದಿಲ್ಲ. ಯೊಸೆಮಿಟಿ ಆದಮೇಲೆ ಯಾರದೋ ಮದುವೆ, ಅದಾದಮೇಲೆ ಮಸಾಲೆ ದೋಸೆ. ಜೊತೆಗೆ ಪುಸ್ತಕದ ಕಪ್ಪೇ ಬೇರೆ. ಬರೀ ಒಂದು ಶಾಯಿಯಲ್ಲಿ ಅಚ್ಚು ಮಾಡಿದರೆ ಇಂಥ ಫೋಟೋ ಸಪ್ಪೆಯಾಗಿಬಿಡುತ್ತದೆ. ಅದಕ್ಕೇ ಒಳ್ಳೆಯ ಪುಸ್ತಕಗಳಲ್ಲಿ ಒಂದೇ ಚಿತ್ರವನ್ನು ಕಪ್ಪು ಶಾಯಿಯಲ್ಲೊಮ್ಮೆ, ಬೂದು ಶಾಯಿಯಲ್ಲೊಮ್ಮೆ ಒತ್ತುತ್ತಾರೆ. ಡ್ಯುಯೋಟೋನ್ ಅನ್ನುತ್ತಾರೆ. ಕಿಟಕಿ ಬೆಳಕಿಗೆ ಪುಟವನ್ನು ಸ್ವಲ್ಪ ಓರೆ ಮಾಡಿ ನೋಡಿ. ಬರೀ ಕತ್ತಲೆ ಅಂದುಕೊಂಡ ಜಾಗದಲ್ಲಿ ಮರದ ತೊಗಟೆ ಕಾಣುತ್ತದೆ.

ನಾನು ಜಾಸ್ತಿ ಹೊತ್ತು ನಿಲ್ಲುವುದು ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಹಳ್ಳಿಯ ಪುಟದಲ್ಲಿ. 1941ರ ಒಂದು ಸಂಜೆ. ಕೆಳಗೆ ಪುಟ್ಟ ಚರ್ಚು, ಸ್ಮಶಾನದ ಬಿಳಿ ಶಿಲುಬೆಗಳು. ಹಿಂದೆ ಹಿಮದ ಬೆಟ್ಟ, ಮೋಡದ ಪಟ್ಟಿ. ಮೇಲೆ ಅರ್ಧ ಪುಟಕ್ಕೂ ಜಾಸ್ತಿ ಕಪ್ಪು ಆಕಾಶ, ಅದರಲ್ಲಿ ಚಿಕ್ಕ ಚಂದ್ರ. ಕಾರಿನಲ್ಲಿ ಹೋಗುತ್ತಿದ್ದ ಆಡಮ್ಸ್ ಇದನ್ನು ಕಂಡು ಗಡಿಬಿಡಿಯಲ್ಲಿ ನಿಲ್ಲಿಸಿದ. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟೆಂದು ನೆನಪಿತ್ತು, ಆ ಲೆಕ್ಕದ ಮೇಲೆ ಒಂದು ಫೋಟೋ ತೆಗೆದ. ಎರಡನೆಯದಕ್ಕೆ ಸಜ್ಜಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು.

ಆಮೇಲಿನ ಕಥೆ ನನಗೆ ಇನ್ನೂ ಇಷ್ಟ. ಆ ಒಂದೇ ನೆಗೆಟಿವ್‌ನಿಂದ ಆತ ಸಾವಿರಕ್ಕೂ ಹೆಚ್ಚು ಪ್ರಿಂಟ್ ಹಾಕಿದ. ಮೊದಮೊದಲ ಪ್ರಿಂಟುಗಳ ಆಕಾಶದಲ್ಲಿ ತೆಳುಮೋಡಗಳಿವೆ. ವರ್ಷ ಕಳೆದ ಹಾಗೆ ಆಕಾಶ ಕಪ್ಪಾಗುತ್ತಾ ಹೋಯಿತು. ಆತ ಪಿಯಾನೋ ಕಲಿತವನು. ನೆಗೆಟಿವ್ ಅಂದರೆ ಬರೆದಿಟ್ಟ ಸಂಗೀತ, ಪ್ರಿಂಟ್ ಅಂದರೆ ಕಛೇರಿ ಅನ್ನುತ್ತಿದ್ದ. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಕೀರ್ತನೆ ಮೂವತ್ತರಲ್ಲಿ ಹಾಡಿದ ಹಾಗೆ ಎಪ್ಪತ್ತರಲ್ಲಿ ಯಾರು ಹಾಡುತ್ತಾರೆ?

ಇಷ್ಟು ನೋಡಿ ಎದ್ದರೆ ಬ್ಯಾಗು ಕಟ್ಟಿ ಬೆಟ್ಟ ಹತ್ತಬೇಕು ಅಂತೇನೂ ಅನ್ನಿಸುವುದಿಲ್ಲ. ತಾರಸಿಗೆ ಹೋಗುತ್ತೇನೆ. ಪಕ್ಕದ ಮನೆಯ ಸಿಮೆಂಟ್ ಶೀಟಿನ ಏರಿಳಿತಗಳಲ್ಲಿ ಬೂದು ಬಣ್ಣ ಎಷ್ಟು ಥರ! ಮಳೆಮೋಡದ ಮುಂದೆ ತೆಂಗಿನ ಗರಿ ಹಸಿರಾಗಿ ಕಾಣುವುದೇ ಇಲ್ಲ. ಮೊಬೈಲಿನಲ್ಲಿ ಕಪ್ಪು-ಬಿಳುಪಿನ ಫೋಟೋ ತೆಗೆದು ತೋರಿಸಿದರೆ ಅಮ್ಮ, "ಬಣ್ಣ ಎಲ್ಲಿ ಹೋಯ್ತೋ?" ಅನ್ನುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಅವಳ ಮದುವೆ ಆಲ್ಬಮ್ಮಿನಲ್ಲೂ ಬಣ್ಣವಿಲ್ಲ, ಆ ಸೀರೆ ಯಾವ ಬಣ್ಣದ್ದು ಅಂತ ಅವಳೇ ಹೇಳಬೇಕು.

ಇಂಥ ಪುಸ್ತಕಗಳ ಒಂದೇ ತೊಂದರೆ ಅಂದರೆ ನೋಡಿದವರು ತಮಗೆ ಕೊಡಿ ಅಂತ ಕೇಳುತ್ತಾರೆ. ಸಿಯೆರಾ ನೆವಾಡಾ ಬೆಟ್ಟಗಳ ಬಗ್ಗೆ ಆಡಮ್ಸ್‌ನ ಪುಸ್ತಕ 1938ರಲ್ಲಿ ಬಂತು, ಅಚ್ಚಾಗಿದ್ದು 500 ಪ್ರತಿ. ಒಂದನ್ನು ಸಚಿವ ಹೆರಾಲ್ಡ್ ಇಕ್ಸ್‌ಗೆ ಕಳಿಸಿದ. ಅವರು ಅಧ್ಯಕ್ಷ ರೂಸ್‌ವೆಲ್ಟ್‌ಗೆ ತೋರಿಸಿದರು. ಅಧ್ಯಕ್ಷರು ಇಟ್ಟುಕೊಂಡೇ ಬಿಟ್ಟರು! ಸಚಿವರಿಗೆ ಇನ್ನೊಂದು ಪ್ರತಿ ಕಳಿಸಬೇಕಾಯಿತು. 1940ರಲ್ಲಿ ಅದೇ ಬೆಟ್ಟಗಳ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನವಾಯಿತು, ಅದಕ್ಕೆ ಈ ಪುಸ್ತಕವೂ ನೆರವಾಯಿತು ಅನ್ನುತ್ತಾರೆ. ಅಷ್ಟು ಕೆಲಸ ಆಗುವುದಾದರೆ ನಾನೂ ಕೊಟ್ಟೇನು. ಇಲ್ಲದಿದ್ದರೆ ದಯವಿಟ್ಟು ಮನೆಗೇ ಬನ್ನಿ. ಕೈ ತೊಳೆದು, ಒರೆಸಿಕೊಂಡು ಕೂತು ನೋಡಿ. ಕಾಫಿ ಆಮೇಲೆ.